ಹೊಸ ಡಿಎಸ್‌ಎಲ್‌ಆರ್‌ನಲ್ಲಿ ಫೋಟೊ ಕಪ್ಪಗೆ, ಬೆಳ್ಳಗೆ, ಮಸುಕಾಗಿ ಬರ್ತಿದೆಯಾ? ಎಡವಟ್ಟು ಎಲ್ಲಿದೆ ಎಂದು ಹುಡುಕುವ ಬಗೆ

ಕ್ಯಾಮೆರಾ ಕೊಂಡ ಹೊಸದರಲ್ಲಿ ಎಲ್ಲರೂ ಆಟೋದಲ್ಲೇ ತೆಗೆಯುತ್ತಾರೆ. ಚೆನ್ನಾಗೇ ಬರುತ್ತದೆ. ಆಮೇಲೆ ಯಾರೋ ‘ಮ್ಯಾನ್ಯುಅಲ್‌ನಲ್ಲಿ ತೆಗೀಬೇಕು ಕಣ್ರೀ’ ಅಂತಾರೆ. ಡಯಲ್ ‘ಎಂ’ ಕಡೆ ತಿರುಗುತ್ತದೆ, ಫೋಟೊ ಕೆಡಲು ಶುರುವಾಗುತ್ತದೆ. ಕ್ಯಾಮೆರಾನೇ ಹಾಳಾಗಿದೆ ಅನ್ನೋ ಅನುಮಾನ ಬರುವುದು ಆಗಲೇ. ಬಹುಪಾಲು ಸಲ ಕ್ಯಾಮೆರಾ ನೆಟ್ಟಗೇ ಇರುತ್ತದೆ. ನೀವು ಹೇಳಿದ್ದನ್ನು ಅದು ಮಾಡಿರುತ್ತದೆ, ಏನು ಹೇಳಿದ್ದೀರಿ ಅನ್ನೋದು ಮಾತ್ರ ನಿಮಗೆ ಗೊತ್ತಾಗಿರುವುದಿಲ್ಲ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಕ್ಯಾನನ್ 1500ಡಿ ಮತ್ತು ನಿಕಾನ್ ಡಿ3500, ಜೊತೆಗೆ ಬರುವ 18–55 ಎಂಎಂ ಕಿಟ್ ಲೆನ್ಸ್. ಬೇರೆ ಮಾಡೆಲ್ ಇದ್ದರೆ ಬಟನ್‌ನ ಜಾಗ ಬದಲಾಗಬಹುದು, ಹುಡುಕುವ ದಾರಿ ಬದಲಾಗುವುದಿಲ್ಲ.

ಮೊದಲು ಹಾಳಾದ ಫೋಟೊವನ್ನೇ ಓದಿ

ಫೋಟೊ ಕೆಟ್ಟು ಬಂದರೆ ಕೈ ಸೀದಾ ಡಿಲೀಟ್ ಬಟನ್‌ಗೆ ಹೋಗುತ್ತದೆ. ಅದೊಂದನ್ನು ತಡೆಯಿರಿ. ತಪ್ಪಿನ ಸಾಕ್ಷಿ ಆ ಫೋಟೊದೊಳಗೇ ಇದೆ. ಪ್ಲೇ ಬಟನ್ ಒತ್ತಿ ಅದನ್ನು ತೆರೆಯಿರಿ. ಕ್ಯಾನನ್‌ನಲ್ಲಿ ‘ಡಿಸ್ಪ್’ ಬಟನ್, ನಿಕಾನ್‌ನಲ್ಲಿ ಮೇಲೆ-ಕೆಳಗೆ ಬಾಣ ಒತ್ತುತ್ತಾ ಹೋದರೆ ಶಟರ್ ಸ್ಪೀಡ್, ಅಪರ್ಚರ್, ಐಎಸ್‌ಒ ಮೂರೂ ಕಾಣುತ್ತವೆ. ನಿಕಾನ್‌ನಲ್ಲಿ ಕಾಣದಿದ್ದರೆ ಪ್ಲೇಬ್ಯಾಕ್ ಮೆನುವಿನ ಡಿಸ್ಪ್ಲೇ ಆಯ್ಕೆಗಳಿಗೆ ಹೋಗಿ ‘ಓವರ್‌ವ್ಯೂ’ ಮತ್ತು ‘ಹೈಲೈಟ್ಸ್’ ಎರಡಕ್ಕೂ ಟಿಕ್ ಹಾಕಿ. ಅಲ್ಲೇ ಹಿಸ್ಟೋಗ್ರಾಮ್ ಅನ್ನೋ ಗುಡ್ಡದಂಥ ಚಿತ್ರವೂ ಇರುತ್ತದೆ. ಗುಡ್ಡ ಎಡಗೋಡೆಗೆ ಒತ್ತಿಕೊಂಡಿದ್ದರೆ ಫೋಟೊ ಕತ್ತಲು, ಬಲಗೋಡೆಗೆ ಒತ್ತಿಕೊಂಡಿದ್ದರೆ ಬೆಳಕು ಜಾಸ್ತಿ. ಸ್ಕ್ರೀನ್‌ಗಿಂತ ಇದನ್ನೇ ನಂಬಿ. ರಾತ್ರಿ ಕತ್ತಲಲ್ಲಿ ಸ್ಕ್ರೀನ್ ಎಲ್ಲ ಫೋಟೊವನ್ನೂ ಫಳಫಳ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಒಳ್ಳೆಯ ಫೋಟೊನೂ ಮಂಕಾಗಿ ಕಾಣುತ್ತದೆ.

ಶಟರ್ ಸ್ಪೀಡ್ ಅಂದರೆ ಬೆಳಕು ಎಷ್ಟು ಹೊತ್ತು ಒಳಗೆ ಬಂತು. ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು. ಅದರ ಲೆಕ್ಕ ಉಲ್ಟಾ: ಎಫ್ 3.5 ದೊಡ್ಡ ಕಿಂಡಿ, ಎಫ್ 16 ಸಣ್ಣದು. ಐಎಸ್‌ಒ ಅಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸಿತು. ಬೆಳಕು ಎರಡರಷ್ಟಾದರೂ ಅರ್ಧಕ್ಕಿಳಿದರೂ ಅದು ಒಂದು ಸ್ಟಾಪ್. 1/125ರಿಂದ 1/60ಕ್ಕೆ ಬನ್ನಿ, ಇಲ್ಲವೇ ಎಫ್ 8ರಿಂದ 5.6ಕ್ಕೆ ಬನ್ನಿ, ಇಲ್ಲವೇ ಐಎಸ್‌ಒ 400ರಿಂದ 800ಕ್ಕೆ ಏರಿಸಿ. ಮೂರರಲ್ಲಿ ಯಾವುದು ಮಾಡಿದರೂ ಫೋಟೊ ಒಂದು ಸ್ಟಾಪ್ ಬೆಳಗುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಓದುವಾಗ ತುಂಬ ಜನ ಬೀಳುವ ಗುಂಡಿ ಒಂದಿದೆ. ಸ್ಕ್ರೀನಿನಲ್ಲಿ ಕೆಲವು ಸಲ ಶಟರ್ ಬರೀ 8 ಎಂದಿರುತ್ತದೆ, ಕೆಲವು ಸಲ 8" ಎಂದಿರುತ್ತದೆ. ಬರೀ 8 ಅಂದರೆ ಸೆಕೆಂಡಿನ ಎಂಟನೇ ಒಂದು ಪಾಲು. ಮೇಲೆ ಎರಡು ಗೀಟು ಬಂದರೆ ಪೂರ್ತಿ 8 ಸೆಕೆಂಡು. ಎರಡರ ನಡುವೆ 6 ಸ್ಟಾಪ್ ಅಂತರ!

ಲಕ್ಷಣ: ಫೋಟೊ ತೀರಾ ಕತ್ತಲು

ಪೂರ್ತಿ ಕಪ್ಪಾಗಿದ್ದರೆ ಲೆನ್ಸ್ ಕ್ಯಾಪ್ ನೋಡಿ. ನಗಬೇಡಿ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡಿ ತೆಗೆಯುವ ಬಗೆ) ಕೆಲಸ ಮಾಡುವಾಗ ಇದು ಆಗುತ್ತದೆ. ಕ್ಯಾಪ್ ತೆಗೆದಿದ್ದರೆ ಮುಂದೆ ಫಿಲ್ಟರ್ ಇದೆಯಾ ನೋಡಿ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದೇ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಬಿಸಿಲಲ್ಲಿ ಹಾಕಿ ದೇವಸ್ಥಾನದ ಒಳಗೂ ಹಾಗೇ ಹೋದರೆ ಕತ್ತಲಾಗದೆ ಇನ್ನೇನು?

ಆಮೇಲೆ, ಕ್ಯಾಮೆರಾ ಅಳೆದ ಬೆಳಕನ್ನು (ಎಕ್ಸ್‌ಪೋಷರ್) ಹೆಚ್ಚು-ಕಡಿಮೆ ಮಾಡುವ, ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ನೋಡಿ. ಯಾವತ್ತೋ ಮೈನಸ್ 2ಕ್ಕೆ ಇಟ್ಟು ಮರೆತಿರುತ್ತೀರಿ. ಕ್ಯಾಮೆರಾ ಆಫ್ ಮಾಡಿದರೂ ಇದು ಹಾಗೇ ಉಳಿಯುವ ಮಾಡೆಲ್‌ಗಳಿವೆ. ಆಟೋ ಮೋಡ್‌ನಲ್ಲಿ ಫೋಟೊ ಚೆನ್ನಾಗಿ ಬಂದು ‘ಪಿ’ (ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾ ಆರಿಸುವ ಮೋಡ್) ಅಥವಾ ‘ಎ’ನಲ್ಲಿ (ಅಪರ್ಚರ್ ನೀವು, ಶಟರ್ ಕ್ಯಾಮೆರಾ ಆರಿಸುವ ಮೋಡ್) ಮಾತ್ರ ಕತ್ತಲಾದರೆ ಕಾರಣ ಹೆಚ್ಚುಕಡಿಮೆ ಇದೇ.

‘ಎಂ’ನಲ್ಲಿ ಮಾತ್ರ ಕತ್ತಲೋ? ಹಾಗಾದರೆ ವ್ಯೂಫೈಂಡರ್‌ನ ಕೆಳಗಿರುವ ಸಣ್ಣ ಅಳತೆಪಟ್ಟಿಯನ್ನು (ಬೆಳಕಿನ ಮೀಟರ್) ನೋಡುತ್ತಿಲ್ಲ ಅಂತ ಅರ್ಥ. ಶಟರ್ ಬಟನ್ ಅರ್ಧ ಒತ್ತಿ. ಗುರುತು ಮೈನಸ್ ಕಡೆ ಇದ್ದರೆ ನಡುವೆ ಬರುವ ತನಕ ಶಟರ್ ನಿಧಾನ ಮಾಡಿ. ಅಪರ್ಚರ್ ಹೇಗೆ ಬದಲಿಸೋದು ಅನ್ನೋದೇ ಗೊತ್ತಾಗದೆ ಕೆಲವರು ಒದ್ದಾಡುತ್ತಾರೆ. ಈ ಎರಡೂ ಮಾಡೆಲ್‌ನಲ್ಲಿ ಒಂದೇ ಚಕ್ರ ಇರುವುದರಿಂದ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದು ಚಕ್ರ ತಿರುಗಿಸಬೇಕು. ಇನ್ನೊಂದು ವಿಷಯ: ಅಪರ್ಚರ್ ಬದಲಿಸಿದರೂ ವ್ಯೂಫೈಂಡರ್‌ನಲ್ಲಿ ಕತ್ತಲೆ-ಬೆಳಕು ಬದಲಾಗುವುದಿಲ್ಲ. ಕ್ಲಿಕ್ ಆಗುವ ತನಕ ಲೆನ್ಸ್ ಕಿಂಡಿಯನ್ನು ಪೂರ್ತಿ ತೆರೆದೇ ಇಟ್ಟಿರುತ್ತದೆ. ಅದು ದೋಷವಲ್ಲ.

ಝೂಮ್ ಮಾಡಿದಾಗ ಮಾತ್ರ ಕತ್ತಲಾಗುತ್ತದೆ ಅನ್ನೋ ದೂರೂ ಇದೆ. ಕಿಟ್ ಲೆನ್ಸ್ 18ರಲ್ಲಿ ಎಫ್ 3.5ರ ತನಕ ತೆರೆಯುತ್ತದೆ, 55ಕ್ಕೆ ಹೋದರೆ 5.6ಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಅಂದರೆ ಒಂದು ಸ್ಟಾಪ್‌ಗೂ ಜಾಸ್ತಿ ಬೆಳಕು ಹೋಯಿತು. ಆಟೋದಲ್ಲಿ ಕ್ಯಾಮೆರಾ ಇದನ್ನು ಸರಿದೂಗಿಸುತ್ತದೆ, ‘ಎಂ’ನಲ್ಲಿ ನೀವು ಸರಿದೂಗಿಸಬೇಕು. ಎಫ್ 5.6ರಲ್ಲೇ ನಿಲ್ಲಿಸಿಬಿಟ್ಟರೆ ಈ ತಲೆನೋವೇ ಇಲ್ಲ.

ಫ್ಲ್ಯಾಶ್ ಹಾಕಿದರೂ ಕತ್ತಲಾದರೆ ದೂರ ಅಳೆಯಿರಿ. 1500ಡಿಯ ಫ್ಲ್ಯಾಶ್‌ನ ಗೈಡ್ ನಂಬರ್ (ಅದರ ಶಕ್ತಿಯ ಅಳತೆ) ಸುಮಾರು 9. ಐಎಸ್‌ಒ 100, ಎಫ್ 5.6 ಇದ್ದರೆ 9ನ್ನು 5.6ರಿಂದ ಭಾಗಿಸಿ. ಬೆಳಕು ಮುಟ್ಟುವುದು ಒಂದೂವರೆ ಮೀಟರಿನಷ್ಟು ಮಾತ್ರ. ಐಎಸ್‌ಒ 1600ಕ್ಕೆ ಏರಿಸಿದರೆ ಅದರ ನಾಲ್ಕರಷ್ಟು. ನಿಕಾನ್‌ನದ್ದು ಇನ್ನೂ ಕಡಿಮೆ. ಮದುವೆ ಮಂಟಪದಿಂದ ಹತ್ತನೇ ಸಾಲಿನ ಕುರ್ಚಿಯಲ್ಲಿ ಕೂತು ಫ್ಲ್ಯಾಶ್ ಹೊಡೆದರೆ ಮುಂದಿನ ಸಾಲಿನವರ ತಲೆ ಬೆಳಗುತ್ತದೆ, ಅಷ್ಟೇ. ಫೋಟೊದ ಕೆಳಗಡೆ ಅರ್ಧಚಂದ್ರದ ಕಪ್ಪು ನೆರಳು ಬಿದ್ದರೆ ಲೆನ್ಸ್ ಹುಡ್ ತೆಗೆಯಿರಿ.

ಲಕ್ಷಣ: ಎಲ್ಲ ಬೆಳ್ಳಗೆ ಸುಟ್ಟ ಹಾಗೆ

ಇಲ್ಲೂ ಕಾಂಪೆನ್ಸೇಷನ್ ಸೊನ್ನೆಯಲ್ಲಿದೆಯಾ ಅಂತಲೇ ಮೊದಲು ನೋಡಿ. ಎರಡನೇ ಅನುಮಾನ ಐಎಸ್‌ಒ. ನಿನ್ನೆ ರಾತ್ರಿ ಹಾಲ್‌ನಲ್ಲಿ 3200 ಇಟ್ಟಿದ್ದೀರಿ, ಇವತ್ತು ಬೆಳಿಗ್ಗೆ ಅಂಗಳದಲ್ಲಿ ಅದೇ ಇದೆ. ‘ಎ’ ಮೋಡ್‌ನಲ್ಲಿ (ಕ್ಯಾನನ್‌ನಲ್ಲಿ ‘ಎವಿ’) ಶಟರ್ ಸಂಖ್ಯೆ 4000ಕ್ಕೆ ಹೋಗಿ ಮಿನುಗುತ್ತಿದ್ದರೆ ಕ್ಯಾಮೆರಾ ಕೈಚೆಲ್ಲಿದೆ ಅಂತ ಅರ್ಥ. ಅದಕ್ಕಿಂತ ವೇಗವಾಗಿ ಅದಕ್ಕೆ ಆಗುವುದಿಲ್ಲ. 30" ಮಿನುಗಿದರೆ ಉಲ್ಟಾ, ಬೆಳಕು ಸಾಲದು.

ಬಿಸಿಲೇ ಒಂದು ಪುಕ್ಕಟೆ ಮೀಟರ್. ಮೋಡವಿಲ್ಲದ ಹಗಲಲ್ಲಿ, ಬಿಸಿಲು ಬಿದ್ದ ವಸ್ತುವಿಗೆ ಎಫ್ 16 ಇಟ್ಟು, ಐಎಸ್‌ಒ ಎಷ್ಟಿದೆಯೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಪಾಲಿಗೆ ಇಟ್ಟರೆ ಫೋಟೊ ಸುಮಾರು ಸರಿ ಬರಬೇಕು. ಐಎಸ್‌ಒ 100 ಆದರೆ 1/100. ಅದನ್ನೇ ಎಫ್ 8ಕ್ಕೆ ತಂದರೆ 1/400. ಹಂಪಿಯಲ್ಲಿ ಕಲ್ಲಿನ ರಥದ ಮುಂದೆ ಹನ್ನೊಂದು ಗಂಟೆ ಬಿಸಿಲಲ್ಲಿ ನಿಂತು ಈ ಲೆಕ್ಕ ಪರೀಕ್ಷಿಸಿ ನೋಡಿ. ಸುಮಾರು ಹೊಂದಿದರೆ ಕ್ಯಾಮೆರಾ ಆರೋಗ್ಯವಾಗಿದೆ. ಎರಡು ಮೂರು ಸ್ಟಾಪ್ ಆಚೀಚೆ ಹೋದರೆ ಕೊನೆಯಲ್ಲಿ ಹೇಳಿರುವ ಗೋಡೆ ಪರೀಕ್ಷೆಗೆ ಹೋಗಿ.

ಫೋಟೊದ ಒಂದು ಭಾಗ ಮಾತ್ರ ಸುಟ್ಟಿದ್ದರೆ, ಅಂದರೆ ಆಕಾಶ ಬೆಳ್ಳಗೆ ನೆಲ ಸರಿ, ಅದು ದೋಷವಲ್ಲ. ಕಣ್ಣು ಹಿಡಿಯುವಷ್ಟು ಬೆಳಕು-ನೆರಳನ್ನು ಸೆನ್ಸರ್ ಒಂದೇ ಫೋಟೊದಲ್ಲಿ ಹಿಡಿಯಲಾರದು. ಹೈಲೈಟ್ಸ್ ತೆರೆಯಲ್ಲಿ ಮಿನುಗುವ ಜಾಗಗಳಲ್ಲಿ ವಿವರ ಹೋಗಿದೆ. ಆ ಜಾಗ ನಿಮಗೆ ಮುಖ್ಯವೋ ಅಲ್ಲವೋ ಎಂದು ನಿರ್ಧರಿಸಿ. ಬೀದಿದೀಪದ ಬಲ್ಬ್ ಮಿನುಗಿದರೆ ಬಿಟ್ಟುಬಿಡಿ. ಅಜ್ಜಿಯ ಹಣೆ ಮಿನುಗಿದರೆ ಒಂದು ಸ್ಟಾಪ್ ಇಳಿಸಿ.

ಲಕ್ಷಣ: ಬಿಳಿ ಬೂದಿಯಾಗಿದೆ, ಕಪ್ಪು ಮಾಸಿದೆ, ಮುಖ ಕಪ್ಪಾಗಿದೆ

ಹೊಸಬರನ್ನು ಜಾಸ್ತಿ ಕಾಡುವುದು ಇದೇ. ಮೀಟರ್ ನಡುವೆ ಸರಿಯಾಗಿ ನಿಂತಿದೆ, ಎಲ್ಲ ಹೇಳಿದಂತೆ ಮಾಡಿದ್ದೀರಿ, ಆದರೂ ಫೋಟೊ ತಪ್ಪು. ಕಾರಣ ಸರಳ. ಕ್ಯಾಮೆರಾಕ್ಕೆ ತಾನು ನೋಡುತ್ತಿರುವುದು ಪಂಚೆಯೋ ಎಮ್ಮೆಯೋ ಗೊತ್ತಿಲ್ಲ. ಕಂಡಿದ್ದನ್ನೆಲ್ಲ ಸರಾಸರಿ ಮಾಡಿ ನಡುಬೂದು ಬಣ್ಣಕ್ಕೆ ತರಬೇಕು ಅಂತ ಅದಕ್ಕೆ ಕಲಿಸಿದ್ದಾರೆ. ಹಾಗಾಗಿ ಬಿಳಿ ಪಂಚೆ, ಬಿಳಿ ಶರ್ಟ್ ತೊಟ್ಟ ಹತ್ತು ಜನ ಫ್ರೇಮ್ ತುಂಬ ನಿಂತರೆ ‘ಅಬ್ಬಾ, ಬೆಳಕು ಜಾಸ್ತಿ’ ಅಂದುಕೊಂಡು ಕತ್ತಲು ಮಾಡುತ್ತದೆ. ಪಂಚೆ ಬೂದಿ ಬಣ್ಣಕ್ಕೆ ಬರುತ್ತದೆ. ಪರಿಹಾರ ಕಾಂಪೆನ್ಸೇಷನ್ ಪ್ಲಸ್ 1. ಎಮ್ಮೆ ಫ್ರೇಮ್ ತುಂಬಿದರೆ ಅದನ್ನೂ ಬೂದು ಮಾಡಲು ಬೆಳಕು ಹೆಚ್ಚಿಸುತ್ತದೆ. ಪರಿಹಾರ ಮೈನಸ್ 1.

‘ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್’ ಅಂತ ಬಾಯಿಪಾಠ ಮಾಡಿಕೊಂಡವರು ರಂಗನತಿಟ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ದೋಣಿಯಿಂದ ನೋಡಿದರೆ ಬೆಳ್ಳಕ್ಕಿ ಬಿಳಿಯೇ, ಆದರೆ ಫ್ರೇಮ್‌ನಲ್ಲಿ ಅದು ಇಷ್ಟೇ ಇಷ್ಟು. ಉಳಿದದ್ದೆಲ್ಲ ದಟ್ಟ ಹಸಿರು ಮರ. ಮೀಟರ್ ಆ ಹಸಿರನ್ನು ಲೆಕ್ಕ ಹಾಕಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ರೆಕ್ಕೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಆಗುತ್ತದೆ. ಇಲ್ಲಿ ಬಿಳಿ ಹಕ್ಕಿಗೆ ಮೈನಸ್ ಬೇಕು. ಫ್ರೇಮ್‌ನ ಹೆಚ್ಚು ಜಾಗ ಯಾವ ಬಣ್ಣದ್ದು ಅನ್ನೋದೇ ಲೆಕ್ಕ, ಹಕ್ಕಿಯ ಬಣ್ಣ ಅಲ್ಲ.

ಯಕ್ಷಗಾನದ ರಾತ್ರಿಯೂ ಇದೇ ಕತೆ. ಹಿಂದೆ ಕತ್ತಲು, ಮುಂದೆ ದೀಪದ ಬೆಳಕಲ್ಲಿ ಹೊಳೆಯುವ ಕಿರೀಟ, ಬಣ್ಣದ ಮುಖ. ಮೀಟರ್ ಕತ್ತಲನ್ನು ನೋಡಿ ಗಾಬರಿಯಾಗುತ್ತದೆ, ವೇಷದ ಮುಖ ಸುಟ್ಟುಹೋಗುತ್ತದೆ. ಮೈನಸ್ 1ರಿಂದ ಶುರು ಮಾಡಿ. ಸಾಲದಿದ್ದರೆ ಮೀಟರಿಂಗ್, ಅಂದರೆ ಬೆಳಕು ಅಳೆಯುವ ಬಗೆ, ಬದಲಿಸಿ. ನಿಕಾನ್ ಡಿ3500ನಲ್ಲಿ ಸ್ಪಾಟ್ ಮೀಟರಿಂಗ್ ಇದೆ, ನೀವು ಆರಿಸಿದ ಫೋಕಸ್ ಚುಕ್ಕೆಯ ಸುತ್ತ ಮಾತ್ರ ಅಳೆಯುತ್ತದೆ. ಕ್ಯಾನನ್ 1500ಡಿಯಲ್ಲಿ ಸ್ಪಾಟ್ ಇಲ್ಲ, ನಡುಭಾಗವನ್ನು ಅಳೆಯುವ ಪಾರ್ಷಿಯಲ್ ಇದೆ. ರಂಗದ ದೀಪ ಬದಲಾಗದೇ ಇದ್ದರೆ ‘ಎಂ’ಗೆ ಹೋಗಿ, ಒಮ್ಮೆ ಮುಖಕ್ಕೆ ಸರಿ ಮಾಡಿಕೊಂಡು ಹಾಗೇ ಬಿಟ್ಟುಬಿಡುವುದು ನನ್ನ ಪ್ರಕಾರ ಎಲ್ಲಕ್ಕಿಂತ ಸುಲಭ. ‘ಎಂ’ ಮೋಡ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಕಡೆ. ಮೋಡ ಬಿಸಿಲು ಆಟವಾಡುವ ಬಯಲಿನಲ್ಲಿ ‘ಎ’ ಮೋಡೇ ಸಾಕು, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮನೆಯೊಳಗೆ ಕಿಟಕಿ ಮುಂದೆ ನಿಂತವರ ಮುಖ ಕಪ್ಪಾದರೆ ಪ್ಲಸ್ 1 ಅಥವಾ 2 ಹಾಕಿ, ಇಲ್ಲವೇ ಫ್ಲ್ಯಾಶ್ ಎಬ್ಬಿಸಿ. ಇನ್ನೂ ಒಳ್ಳೆಯದು, ಅವರನ್ನೇ ಕಿಟಕಿ ಕಡೆ ಮುಖ ಮಾಡಿ ನಿಲ್ಲಿಸಿ. ಕೆಲಸ ಮುಗಿದ ಮೇಲೆ ಸ್ಪಾಟನ್ನೂ ಕಾಂಪೆನ್ಸೇಷನ್ನನ್ನೂ ವಾಪಸ್ ಇಡಿ. ಸ್ಪಾಟ್‌ನಲ್ಲಿ ಮರೆತು ಬಿಟ್ಟರೆ ಮಾರನೇ ದಿನ ಒಂದು ಫೋಟೊ ಕಪ್ಪು, ಮುಂದಿನದು ಬಿಳಿ. ಕ್ಯಾಮೆರಾಕ್ಕೆ ಹುಚ್ಚು ಹಿಡಿದಿದೆ ಅನಿಸುತ್ತದೆ.

ಲಕ್ಷಣ: ಬೆಳಕು ಸರಿ, ಆದರೆ ಫೋಟೊ ಮಸುಕು

ಫೋಟೊವನ್ನು ಪೂರ್ತಿ ಝೂಮ್ ಮಾಡಿ ನೋಡಿ. ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಗೋಡೆ ಕಂಬ ಸ್ಪಷ್ಟವಾಗಿದ್ದು ಮಗು ಮಾತ್ರ ಮಸುಕಾಗಿದ್ದರೆ ಮಗು ಓಡಿದೆ. ಮಗುವಿನ ಹಿಂದಿನ ಬಾಗಿಲು ಮಾತ್ರ ಸ್ಪಷ್ಟ ಇದ್ದರೆ ಫೋಕಸ್ ಅಲ್ಲಿ ಬಿದ್ದಿದೆ. ಅದಕ್ಕೂ ಎಕ್ಸ್‌ಪೋಷರ್‌ಗೂ ಸಂಬಂಧವಿಲ್ಲ.

ಕೈ ಅಲುಗದಿರಲು ಹಳೆಯ ಲೆಕ್ಕ: ಲೆನ್ಸಿನ ಅಳತೆಯನ್ನು ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ. 55ಕ್ಕೆ ಸುಮಾರು 85 ಬರುತ್ತದೆ. ಶಟರ್ ಅದಕ್ಕಿಂತ ವೇಗವಾಗಿರಲಿ, ಅಂದರೆ 1/100. ಲೆನ್ಸ್‌ನಲ್ಲಿ ಅಲುಗಾಟ ತಗ್ಗಿಸುವ ಐಎಸ್ (ಕ್ಯಾನನ್) ಅಥವಾ ವಿಆರ್ (ನಿಕಾನ್) ಇದ್ದರೆ ಇನ್ನೂ ನಿಧಾನ ಮಾಡಬಹುದು. ಆದರೆ ಅದು ನಿಮ್ಮ ಕೈಯ ಅಲುಗಾಟಕ್ಕೆ ಮಾತ್ರ ಮದ್ದು, ಮಗುವಿನ ಓಟಕ್ಕಲ್ಲ. ಆಡುವ ಮಕ್ಕಳಿಗೆ 1/250 ಇರಲಿ, ಹಾರುವ ಹಕ್ಕಿಗೆ 1/1000ದ ಆಸುಪಾಸು. ಯಕ್ಷಗಾನದ ಗಿರಕಿಗೆ ಬೇಕೆಂದೇ 1/30 ಇಟ್ಟು ನೋಡಿ, ಬಟ್ಟೆ ಬಣ್ಣದ ಚಕ್ರವಾಗುತ್ತದೆ.

ವ್ಯೂಫೈಂಡರ್ ಒಳಗೇ ಎಲ್ಲ ಮಸುಕಾಗಿ ಕಂಡು, ಫೋಟೊ ಮಾತ್ರ ಸ್ಪಷ್ಟ ಬಂದರೆ ಪಕ್ಕದಲ್ಲಿರುವ ಸಣ್ಣ ಡಯಾಪ್ಟರ್ ಚಕ್ರ ತಿರುಗಿದೆ. ಒಳಗಿನ ಅಂಕಿ ಚೂಪಾಗಿ ಕಾಣುವ ತನಕ ತಿರುಗಿಸಿ, ಮುಗಿಯಿತು.

ಲಕ್ಷಣ: ಕಾಳು ಕಾಳು

ಐಎಸ್‌ಒ ಸಂಖ್ಯೆ ನೋಡಿ. 3200, 6400 ಇದ್ದರೆ ಕಾಳು ಬಂದೇ ಬರುತ್ತದೆ. ಆದರೆ ಅದಕ್ಕೆ ಹೆದರಿ ಐಎಸ್‌ಒ 400ರಲ್ಲಿ ಕತ್ತಲು ಫೋಟೊ ತೆಗೆದು, ಆಮೇಲೆ ಫೋನಿನಲ್ಲಿ ಬೆಳಕು ಏರಿಸಿದರೆ ಕಾಳು ಕಡಿಮೆಯಾಗುವುದಿಲ್ಲ, ಸಾಮಾನ್ಯವಾಗಿ ಜಾಸ್ತಿಯೇ ಕಾಣುತ್ತದೆ. ಮಸುಕಾದ ಫೋಟೊಗಿಂತ ಕಾಳಿರುವ ಫೋಟೊ ಮೇಲು.

ಒಳಾಂಗಣದ ಫೋಟೊ ಜಾಸ್ತಿ ತೆಗೆಯುವವರಾದರೆ ದುಡ್ಡು ಹಾಕಬೇಕಾದ್ದು 50 ಎಂಎಂ ಎಫ್ 1.8 ಲೆನ್ಸಿಗೆ. ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ 10 ಪಟ್ಟು ಬೆಳಕು. ನಿಕಾನ್ ಡಿ3500 ಇರುವವರು ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಎಎಫ್-ಎಸ್ ಎಂದು ಬರೆದಿದ್ದನ್ನೇ ಕೇಳಿ. ಈ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡುತ್ತಾ ಕೂರಬೇಕು.

ಲಕ್ಷಣ: ಏನು ತಿರುಗಿಸಿದರೂ ಬೆಳಕು ಬದಲಾಗುತ್ತಿಲ್ಲ

‘ಎಂ’ನಲ್ಲಿದ್ದೀರಿ, ಶಟರ್ ಬದಲಿಸಿದಿರಿ, ಫೋಟೊ ಮೊದಲಿನಷ್ಟೇ ಬೆಳಕು. ಆಟೋ ಐಎಸ್‌ಒ ಆನ್ ಆಗಿದೆ. ನೀವು ಇಳಿಸಿದ್ದನ್ನು ಅದು ಹಿಂದಿನಿಂದ ಏರಿಸುತ್ತಿದೆ. ಕಲಿಯುವ ತನಕ ಆಫ್ ಮಾಡಿ. ನಿಕಾನ್‌ನಲ್ಲಿ ಐಎಸ್‌ಒ ಸಂಖ್ಯೆ ಆರಿಸಿದರಷ್ಟೇ ಸಾಲದು, ಮೆನುವಿನಲ್ಲಿ ಆಟೋ ಐಎಸ್‌ಒ ಕಂಟ್ರೋಲ್ ಬೇರೆ ಇದೆ, ಅದನ್ನೂ ಆಫ್ ಮಾಡಬೇಕು. ಕ್ಯಾನನ್‌ನ ಆಟೋ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನ ಆಕ್ಟಿವ್ ಡಿ-ಲೈಟಿಂಗ್ ಕೂಡ ನಿಮಗೆ ಹೇಳದೆ ನೆರಳು ಎತ್ತುತ್ತವೆ. ಅವನ್ನೂ ಸದ್ಯಕ್ಕೆ ಆಫ್ ಇಡಿ.

ಲಕ್ಷಣ: ಅಡ್ಡಪಟ್ಟಿ

ಎಲ್ಇಡಿ ಅಥವಾ ಟ್ಯೂಬ್‌ಲೈಟ್ ಕೆಳಗೆ ಫೋಟೊದಲ್ಲಿ ಕಪ್ಪು ಪಟ್ಟಿ, ಹಳದಿ ಪಟ್ಟಿ ಬಂದರೆ ಕಾರಣ ಕರೆಂಟು. ನಮ್ಮಲ್ಲಿ ಅದು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ. ಅಮೆರಿಕದಲ್ಲಿರುವವರಿಗೆ 60 ಹರ್ಟ್ಸ್, ಅವರು 1/60 ಹಿಡಿಯಲಿ.

ಹೊರಗಿನ ಫ್ಲ್ಯಾಶ್ ಅಥವಾ ಅದನ್ನು ದೂರದಿಂದ ಹೊಡೆಸುವ ಟ್ರಿಗರ್ ಹಾಕಿದಾಗ ಮಾತ್ರ ಫೋಟೊದ ಒಂದಂಚು ಪೂರ್ತಿ ಕಪ್ಪಾದರೆ ಶಟರ್ 1/200 ದಾಟಿದೆ. ಈ ಎರಡೂ ಕ್ಯಾಮೆರಾಗಳಿಗೆ ಫ್ಲ್ಯಾಶ್‌ನ ಮಿತಿ ಅದೇ. ಫ್ಲ್ಯಾಶೇ ಇಲ್ಲದೆ, ಹಗಲಲ್ಲೂ ಅಂಚು ಕಪ್ಪಾಗುತ್ತಿದ್ದರೆ ಶಟರ್ ಪರದೆಯ ಮೇಲೆ ಅನುಮಾನ. ಗೋಡೆ ಪರೀಕ್ಷೆ ಮಾಡಿ.

ಇವನ್ನು ಮಾಡಲೇಬೇಡಿ

ವ್ಯೂಫೈಂಡರ್ ಮೂಲಕ ಸೂರ್ಯನನ್ನು ನೋಡಬೇಡಿ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಹಿಡಿದ ಬಿಸಿಲು ಸೀದಾ ಕಣ್ಣಿಗೇ ಬರುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಆದರೆ ಕಣ್ಣಿನ ಪರದೆ ಕ್ಷಣದಲ್ಲಿ ಸುಡಬಹುದು, ನೋವೂ ಗೊತ್ತಾಗುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಕಂಡಿತ್ತಲ್ಲ, ಅಂಥ ದಿನಕ್ಕೆ ಲೆನ್ಸಿನ ಮುಂದೆ ಕಟ್ಟುವ ಸೋಲಾರ್ ಫಿಲ್ಟರ್ ಬೇಕು. ಬೆಳಕು ತಗ್ಗಿಸುವ ಸಾಮಾನ್ಯ ಎನ್‌ಡಿ ಫಿಲ್ಟರ್, ಎಕ್ಸ್‌ರೇ ಫಿಲ್ಮ್ ಯಾವುದೂ ಆಗುವುದಿಲ್ಲ. ಸೂರ್ಯನನ್ನು ನೋಡಿದ ಮೇಲೆ ಕಣ್ಣಿನ ನಡುವೆ ಕಲೆ ಉಳಿದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಡಿಜೆ ಮೆರವಣಿಗೆಯ ಲೇಸರ್ ಕಡೆ ಕ್ಯಾಮೆರಾ ತಿರುಗಿಸಬೇಡಿ. ಒಂದು ಏಟಿಗೆ ಸೆನ್ಸರ್ ಮೇಲೆ ಹೋಗದ ಗೆರೆ ಬೀಳಬಹುದು. ಬಾಡಿಯ ಸ್ಕ್ರೂ ಬಿಚ್ಚಬೇಡಿ. ಬ್ಯಾಟರಿ ತೆಗೆದರೂ ಒಳಗಿನ ಫ್ಲ್ಯಾಶ್ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಕನ್ನಡಿ, ಶಟರ್ ಪರದೆಗೆ ಬೆರಳು ತಾಗಿಸಬೇಡಿ, ಬಾಯಿಂದ ಊದಬೇಡಿ. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಎಸಿ ರೂಮಿನಿಂದ ಹೊರಗೆ ಬಂದೊಡನೆ ಫೋಟೊ ಮಂಜು ಕವಿದಂತೆ ಬಂದರೆ ಗಾಜಿನ ಮೇಲೆ ಹಬೆ ಕಟ್ಟಿದೆ, ಸುಮ್ನೆ ಕಾಯಿರಿ. ಯಾವಾಗಲೂ ಹಾಗೇ ಬಂದರೆ ಟಾರ್ಚ್ ಹಾಕಿ ಲೆನ್ಸಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಅದು ಒರೆಸಿದರೆ ಹೋಗುವುದಲ್ಲ, ಸರ್ವಿಸ್‌ಗೆ ಕೊಡಬೇಕು. ಅಲ್ಲಿಯತನಕ ಆ ಲೆನ್ಸನ್ನು ಬೇರೆಯಾಗಿ ಇಡಿ. ಉಳಿದವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಗೋಡೆ ಪರೀಕ್ಷೆ, ಆಮೇಲೆ ಸರ್ವಿಸ್

ಇಷ್ಟೆಲ್ಲ ನೋಡಿಯೂ ಸರಿಯಾಗದಿದ್ದರೆ ಮೆನುವಿನಿಂದ ಸೆಟ್ಟಿಂಗ್ ರಿಸೆಟ್ ಮಾಡಿ. ಲೆನ್ಸ್ ಬಿಚ್ಚಿ, ಅದರ ಹಿಂದಿರುವ ಲೋಹದ ಚುಕ್ಕೆಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕ್ಲಿಕ್ ಅನ್ನುವ ತನಕ ತಿರುಗಿಸಿ ಹಾಕಿ. ಕ್ಯಾನನ್‌ನ ‘ಎರರ್ 01’, ನಿಕಾನ್‌ನಲ್ಲಿ ಎಫ್ ಪಕ್ಕ ಎರಡು ಗೀಟು, ಎರಡೂ ಲೆನ್ಸ್ ಮತ್ತು ಬಾಡಿಯ ನಡುವೆ ಮಾತು ನಿಂತಿದೆ ಅಂತ ಹೇಳುವ ಗುರುತು. ಎಷ್ಟೋ ಸಲ ಒರೆಸಿದರೆ ಹೋಗುತ್ತದೆ.

ಈಗ ನೆರಳಿನಲ್ಲಿರುವ ಖಾಲಿ ಗೋಡೆ ಹುಡುಕಿ. ಬೆಳಕು ಬದಲಾಗದ ಹೊತ್ತು ಬೇಕು, ಮೋಡ ಓಡುವಾಗ ಬೇಡ. ಲೆನ್ಸ್ 18ಕ್ಕೆ ಇಡಿ, ‘ಎಂ’ ಮೋಡ್, ಆಟೋ ಐಎಸ್‌ಒ ಆಫ್. 1/125, ಎಫ್ 8 ಇಟ್ಟು ಗೋಡೆ ಸರಿಯಾಗಿ ಬರುವಂತೆ ಐಎಸ್‌ಒ ಹೊಂದಿಸಿ. ಇನ್ನು ಐಎಸ್‌ಒ ಮುಟ್ಟಬೇಡಿ. ಈ ಐದು ಫೋಟೊ ತೆಗೆಯಿರಿ:

1/500, ಎಫ್ 4
1/250, ಎಫ್ 5.6
1/125, ಎಫ್ 8
1/60, ಎಫ್ 11
1/30, ಎಫ್ 16

ಐದರಲ್ಲೂ ಒಳಬಂದ ಬೆಳಕು ಒಂದೇ. ಹಾಗಾಗಿ ಐದೂ ಒಂದೇ ಥರ ಕಾಣಬೇಕು, ಮೂಲೆಗಳಲ್ಲಿ ತುಸು ಹೆಚ್ಚುಕಡಿಮೆ ಇದ್ದರೆ ಪರವಾಗಿಲ್ಲ. ಎಫ್ 4ರಿಂದ ಎಫ್ 11, 16ಕ್ಕೆ ಹೋದಂತೆ ಬೆಳ್ಳಗಾಗುತ್ತಾ ಹೋದರೆ ಲೆನ್ಸಿನ ಕಿಂಡಿ ಮುಚ್ಚುತ್ತಿಲ್ಲ. ಗೆಳೆಯರ ಲೆನ್ಸ್ ಹಾಕಿ ನೋಡಿ. ಅದರಲ್ಲಿ ಸರಿ ಬಂದರೆ ಬಾಡಿ ಬಚಾವ್. ವೇಗದ ಶಟರ್‌ನಲ್ಲಿ ಮಾತ್ರ ಕತ್ತಲಾದರೆ, ಅಥವಾ ಒಂದಂಚು ಕಪ್ಪಾದರೆ, ಎಫ್ 4ನಲ್ಲೇ ಐಎಸ್‌ಒ ಏರಿಸಿ ಬಯಲಿನಲ್ಲಿ 1/2000, 1/4000 ಕೂಡ ತೆಗೆದು ನೋಡಿ. ವೇಗ ಏರಿದಂತೆ ಕಪ್ಪು ದೊಡ್ಡದಾದರೆ ಶಟರ್ ಸವೆದಿದೆ. ಅಲ್ಲಿಗೆ ಮನೆಮದ್ದು ಮುಗಿಯಿತು. ‘ಎರರ್ 20’, ‘ಎರರ್ 99’ ಮತ್ತೆ ಮತ್ತೆ ಬರುವುದು, ಕನ್ನಡಿ ಮೇಲೇ ಸಿಕ್ಕಿಕೊಳ್ಳುವುದು, ನೀರು ಬಿದ್ದಿರುವುದು, ಇವೂ ಅಷ್ಟೇ. ನೀರು ಬಿದ್ದರೆ ತಕ್ಷಣ ಆಫ್ ಮಾಡಿ ಬ್ಯಾಟರಿ ತೆಗೆಯಿರಿ, ‘ಆನ್ ಆಗುತ್ತಾ’ ಅಂತ ಪರೀಕ್ಷೆ ಮಾಡಬೇಡಿ.

ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗಿ, ಬಿಲ್ ಜೊತೆಗಿರಲಿ. ಬೇರೆಯವರು ಒಮ್ಮೆ ಬಿಚ್ಚಿದರೆ ವಾರಂಟಿ ಹೋಗುತ್ತದೆ. ವಾರಂಟಿ ಮುಗಿದಿದ್ದರೆ ಮೊದಲು ಅಂದಾಜು ಖರ್ಚು ಕೇಳಿ. ಹಳೆಯ ಬಾಡಿಗೆ ಹೊಸ ಶಟರ್ ಹಾಕಿಸುವುದಕ್ಕಿಂತ ಸೆಕೆಂಡ್‌ಹ್ಯಾಂಡ್ ಬಾಡಿ ಅಗ್ಗವಾಗುವುದೂ ಉಂಟು. ಗೋಡೆಯ ಐದೂ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕ್ಯಾಮೆರಾ ಜೊತೆಗೇ ಕೊಡಿ, ಮೆಮೊರಿ ಕಾರ್ಡ್ ಮಾತ್ರ ತೆಗೆದಿಟ್ಟುಕೊಳ್ಳಿ.